ತಟ್ಟದ ಕೈ

ಪುಂಟಾ ಅರೇನಾಸಿನಲ್ಲಿ ಗಾಳಿ ಎದ್ದ ದಿನ
ಕಂಬದಿಂದ ಕಂಬಕ್ಕೆ ಹಗ್ಗ ಬಿಗಿಯುತ್ತಾರೆ,
ನಡೆಯುವವರು ಹಿಡಿದುಕೊಳ್ಳಲಿ ಎಂದು.
ನಾನೂ ಹಿಡಿದೇ ಬಂದೆ ರಾತ್ರಿಪಾಳಿಗೆ.
ಮೂರು ಸಲ ಸೋಪು ಹಚ್ಚಿ ತೊಳೆದರೂ
ಅಂಗೈಯಲ್ಲಿ ಹುರಿಯ ಗೆರೆ ಹೋಗಲಿಲ್ಲ.

ಒಳಗೆ, ಗಾಳಿಯನ್ನು ಅಳೆದು ಕೊಡುತ್ತಾರೆ.
ಏಳನೆಯ ಪೆಟ್ಟಿಗೆಯಲ್ಲಿ ನೋಲ್ಫಾಳ ಮಗಳು,
ಇಪ್ಪತ್ತಾರನೆಯ ವಾರಕ್ಕೇ ಹೊರಟುಬಂದವಳು.
ಏಳುನೂರ ಎಂಬತ್ತು ಗ್ರಾಂ;
ಅದರಲ್ಲಿ ಕೊಳವೆಗಳದೆಷ್ಟೋ, ಅವಳದೆಷ್ಟೋ.
ಎಕ್ಸ್-ರೇಯಲ್ಲಿ ಬಲಗಡೆ ಮೇಲೆ ಒಂದು ಬಿಳಿ ಮೂಲೆ:
ಕಫ ಕಟ್ಟಿ, ಒದ್ದೆ ಕಾಗದದಂತೆ
ತನ್ನೊಳಗೇ ಮಡಚಿಕೊಂಡ ಶ್ವಾಸಕೋಶ.

"ತಟ್ಟುವುದಿಲ್ಲವೇ?" ಕೇಳಿದಳು ನೋಲ್ಫಾ.
"ನಮ್ಮಜ್ಜನಿಗೆ ತಟ್ಟುತ್ತಿದ್ದರು. ಬೆನ್ನು ಡೋಲಿನ ಹಾಗೆ ನುಡಿಯುತ್ತಿತ್ತು.
ಆಮೇಲೆ ಉಗುಳುತ್ತಿದ್ದ, ಬೈಯುತ್ತಿದ್ದ,
ಊಟಕ್ಕೇನಿದೆ ಅನ್ನುತ್ತಿದ್ದ."

ತಟ್ಟುವುದೇ ನನ್ನ ಕಸುಬಾಗಿತ್ತು, ತಾಯಿ.
ಬಟ್ಟಲಾಗಿ ಬಾಗಿದ ಅಂಗೈ,
ಇಷ್ಟು ಚಿಕ್ಕವರಿಗೆ ಅಂಗೈಯೂ ದೊಡ್ಡದೆಂದು
ರಬ್ಬರಿನದೊಂದು ಪುಟ್ಟ ಬಟ್ಟಲು.
ಟಪ್ ಟಪ್ ಟಪ್, ನಿಮಿಷಗಟ್ಟಲೆ, ದಿನಕ್ಕೆ ಎಷ್ಟೋ ಸಲ.
ಕೈಗುಣ ಒಳ್ಳೆಯದು ಎನ್ನುತ್ತಿದ್ದರು ನರ್ಸುಗಳು.
ನನಗೂ ಹಾಗೇ ಅನ್ನಿಸುತ್ತಿತ್ತು.

ತಟ್ಟಿದರೆ ಬಾಗಿಲು ತೆರೆಯುತ್ತದೆ,
ತಟ್ಟಿದರೆ ಮಗು ಮಲಗುತ್ತದೆ.
ಶಾಪವೂ ತಟ್ಟುತ್ತದೆ.
ಇದು ನನಗೆ ತಡವಾಗಿ ಹೊಳೆದದ್ದು.

ಲಿಸಾಂದ್ರೊ ಎಂದಿತ್ತು ಅವನ ಮಣಿಕಟ್ಟಿನ ಪಟ್ಟಿಯಲ್ಲಿ.
ಎದೆಗೆ ತಟ್ಟಿದಾಗಲೆಲ್ಲ ತಲೆ ಅಲುಗುತ್ತಿತ್ತು,
ಹೌದು ಹೌದು ಎಂದು ಒಪ್ಪಿಕೊಂಡ ಹಾಗೆ.
ಕಫ ಬಂತು. ನಾವು ಹಿಗ್ಗಿದೆವು.
ತಿಂಗಳಾದ ಮೇಲೆ ತಲೆಯ ಸ್ಕ್ಯಾನ್:
ಮೆದುಳು ಇರಬೇಕಾದಲ್ಲಿ ಒಂದು ಕರಿ ಕೊಳ.
ನಿನ್ನಿಂದಲೇ ಎಂದು ಯಾರೂ ಅನ್ನಲಿಲ್ಲ.
ನಿನ್ನಿಂದಲ್ಲ ಎಂದೂ.
ದೂರದ ಆಸ್ಪತ್ರೆಗಳ ವರದಿಗಳು ಒಂದೊಂದಾಗಿ ಬಂದವು,
ಕೂದಲೆಳೆಯ ಪಕ್ಕೆಲುಬು, ಅಲುಗುವ ನೆತ್ತಿ, 'ಬಹುಶಃ', 'ಇರಬಹುದು'.
ಓದಿ ಬಟ್ಟಲನ್ನು ಡ್ರಾಯರಿಗೆ ಹಾಕಿದೆ.
ಬಿಸಾಡಲಿಲ್ಲ. ಏಕೆಂದು ಕೇಳಬೇಡಿ.

ನೋಲ್ಫಾ ಏಡಿ ಕಾರ್ಖಾನೆಯವಳು,
ದಿನಕ್ಕೆ ನೂರು ಚಿಪ್ಪು ಒಡೆದ ಕೈ,
ಮುಳ್ಳು ಚುಚ್ಚಿದ ಕಲೆಗಳು ಸಾಸಿವೆ ಚೆಲ್ಲಿದ ಹಾಗೆ.
ಬಹಳ ಹೊತ್ತು ಗಾಜಿಗೆ ಹಣೆಯೊತ್ತಿ ನಿಂತವಳು ಅಂದಳು:
"ಪೊರೆ ಕಳಚಿದ ಏಡಿ ಬಲೆಗೆ ಬಿದ್ದರೆ
ನಮ್ಮಣ್ಣ ಒತ್ತಿಯೂ ನೋಡುವುದಿಲ್ಲ.
ಬೆರಳ ಗುರುತು ಉಳಿದುಬಿಡುತ್ತದೆ ಮೈಮೇಲೆ.
ಹಾಗೇ ಕಡಲಿಗೆ ಬಿಡುತ್ತಾನೆ."

ಇವಳನ್ನು ಬಿಡಲು ಕಡಲಿಲ್ಲ.
ಅದನ್ನು ಇಬ್ಬರೂ ಹೇಳಲಿಲ್ಲ.

ಮಗ್ಗುಲು ಬದಲಿಸಿದೆವು, ಎಡಗಡೆ ಕೆಳಗೆ, ಬಲಗಡೆ ಮೇಲೆ,
ತಲೆ ನೆಟ್ಟಗಿರಲೆಂದು ಬಟ್ಟೆಯ ಸುರುಳಿ.
ಕೊಳವೆಯಲ್ಲಿ ಒಮ್ಮೆ, ಚುಟುಕಾಗಿ, ಕಫ ಸೆಳೆದೆ.
ಆಮೇಲೆ ಅವಳ ಕೈ ಹಿಡಿದು ಒಳಗಿಟ್ಟೆ:
ಒಂದು ನೆತ್ತಿಗೆ, ಒಂದು ಪಾದಕ್ಕೆ.
ಸವರಬೇಡ. ತಟ್ಟಬೇಡ. ಇರು.

ಎಂಬತ್ತನಾಲ್ಕಕ್ಕೆ ಇಳಿಯಿತು, ಯಂತ್ರ ಕೂಗಿತು.
ನನ್ನ ಬೆರಳು ತಾನಾಗಿ ಬಟ್ಟಲಾಯಿತು,
ಮೂವತ್ತು ವರ್ಷದ ಚಾಳಿ, ಎಲ್ಲಿ ಹೋದೀತು!
ಎಡಗೈಯಿಂದ ಬಲಗೈ ಹಿಡಿದುಕೊಂಡೆ.
ಇನ್ನೊಂದು ಕೈ ಆಮ್ಲಜನಕದ ಗುಂಡಿಯತ್ತ ಹೋಯಿತು, ನರ್ಸ್ ಇವೊನ್ನಳದು.
ಎಂಬತ್ತೇಳು. ತೊಂಬತ್ತು. ತೊಂಬತ್ತೆರಡು.
ಕಿಟಕಿಯ ಹೊರಗೆ ಜಲಸಂಧಿಯಿಂದ ಬಂದ ಗಾಳಿ
ಇಡೀ ಊರಿನ ತಗಡುಗಳನ್ನು ಬಡಿಯುತ್ತಿತ್ತು.

ಬೆಳಗಿನ ಎಕ್ಸ್-ರೇ ನೋಡಿ ಡಾಕ್ಟರು ಅಂದರು,
ಬಿಳಿ ಮೂಲೆ ಬೆರಳಗಲ ಸರಿದಿದೆಯಂತೆ.
ನೋಲ್ಫಾ ನನ್ನ ಕೈಯನ್ನು ಹಣೆಗೆ ಒತ್ತಿಕೊಂಡಳು.
ಬೇಡ, ಅಂದೆ.
ಸರಿದದ್ದು ನನ್ನಿಂದಲೋ, ತಾನಾಗಿಯೋ,
ಅದಕ್ಕೂ ಪುರಾವೆಯಿಲ್ಲ.