ಹಸಿರು ತುದಿ, ಕೆಂಪು ತುದಿ

ಬೆರಳುದ್ದದ ಉಕ್ಕಿನ ಗೇಜು.
ಹಸಿರು ಬಳಿದ ತುದಿ ಬುಶ್ಶಿನ ತೂತಿನೊಳಗೆ ಹೋಗಬೇಕು,
ಕೆಂಪು ಬಳಿದ ತುದಿ ಹೋಗಬಾರದು.
ಇಷ್ಟೇ ನನ್ನ ವಿದ್ಯೆ.
ಭೋಸರಿಯ ಶೆಡ್ಡಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ
ಇಪ್ಪತ್ತೊಂದು ವರ್ಷ
ಹೋಗು, ಹೋಗಬೇಡ,
ಹೋಗು, ಹೋಗಬೇಡ ಎಂದೆ,
ತಾಸಿಗೆ ಆರುನೂರು ಸಲ.

ತೂತು ತುಸು ಹಿಗ್ಗಿದ್ದರೆ
ಗೇಜಿಗಿಂತ ಮೊದಲು ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು.
"ಮಹಾನಂದಾಬಾಯಿಯ ಹೆಬ್ಬೆರಳಿಗೆ ಕಣ್ಣಿದೆ"
ಅನ್ನುತ್ತಿದ್ದರು ಕುಲಥೆ ಸಾಹೇಬರು, ಹೊರಗಿನ ಗಿರಾಕಿಗಳೆದುರು,
ಅಂಗಡಿಯವ ಒಳ್ಳೆ ಸೀರೆ ಬಿಡಿಸಿ ತೋರಿಸುವ ಹಾಗೆ.

ಆಮೇಲೆ ನಿಜವಾದ ಕಣ್ಣೇ ಬಂತು.
ಗಾಜಿನ ಪೆಟ್ಟಿಗೆಯಲ್ಲಿ, ನೀಲಿ ಬೆಳಕಿನಲ್ಲಿ, ರೆಪ್ಪೆಯಿಲ್ಲದ್ದು.
ಅದಕ್ಕೆ ಕಲಿಸಿದವಳು ನಾನು.
ಮೂರು ತಿಂಗಳು
ಒಳ್ಳೆಯವು ಈ ಟ್ರೇಯಲ್ಲಿ, ಕೆಟ್ಟವು ಆ ಟ್ರೇಯಲ್ಲಿ,
ಜೋಳ ಹಸನು ಮಾಡಿದ ಹಾಗೆ ಬೇರೆ ಮಾಡಿ ಇಟ್ಟೆ.
ಅದು ನೋಡಿತು, ನೋಡಿತು, ಕಲಿಯಿತು.
ಕೊನೆಯ ವಾರ ನಾನು ಪಾಸು ಮಾಡಿದ್ದೊಂದನ್ನು
ಅದು ನಪಾಸು ಮಾಡಿತು.
ಮೈಕ್ರೋಮೀಟರ್ ತಂದು ಅಳೆದರು. ಅದರದೇ ಸರಿ.
ಅವತ್ತು ನಾನು ಡಬ್ಬಿ ಬಿಚ್ಚಲಿಲ್ಲ.

ಆಫೀಸಿನ ಹುಡುಗಿ ಹಿಂದಿಯಲ್ಲಿ ಹೇಳಿದಳು, ಮರಾಠಿಯಲ್ಲಿ ಹೇಳಿದಳು,
ಕಾಗದ ಕೈಗಿಟ್ಟು ಇಂಗ್ಲಿಷಿನಲ್ಲೂ ಹೇಳಿದಳು.
ಹನ್ನೊಂದು ಮಂದಿ ಹೆಣ್ಣುಮಕ್ಕಳು ಸಾಲಾಗಿ ನಿಂತಿದ್ದೆವು.
ಉಜ್ವಲಾ ತಾಪಕೀರ ಮೂಗು ಒರೆಸಿಕೊಳ್ಳುತ್ತ ಕೇಳಿದಳು,
"ನಿಮ್ಮ ಕಾನಡಿಯಲ್ಲಿ ಇದಕ್ಕೆ ಏನಂತಾರೆ?"
ಹುಡುಕಿದೆ.
"ಹೆಚ್ಚಿಗಿ ಆದಿವಿ" ಅಂದೆ.
ಅಂದ ಮೇಲೆ ನನಗೇ ಸೋಜಿಗ:
ಇಂಡಿ ತಾಲೂಕಿನ ನಮ್ಮ ಮನೆಯಲ್ಲಿ
ಹೆಚ್ಚಿಗಿ ಆದ ಹಿಟ್ಟನ್ನು ಯಾರೂ ಚೆಲ್ಲಿದ್ದು ಕಂಡಿಲ್ಲ.
ಅವ್ವ ಅದರ ಮೇಲೆ ಬೋಗುಣಿ ಬೋರಲು ಹಾಕುತ್ತಿದ್ದಳು,
ರಾತ್ರಿ ಯಾರಾದರೂ ಬಂದಾರು ಎಂದು.

ಈಗಲೂ ಐದೂ ಹತ್ತಕ್ಕೇ ಎಚ್ಚರ.
ಕೈ ತಾನೇ ಕೆಲಸಕ್ಕೆ ಹೊರಡುತ್ತದೆ.
ಬಾಟಲಿಯ ಬಾಯಿ, ನಳದ ಮೂತಿ, ಅಂಗಿಯ ಕಾಜ,
ಎಲ್ಲದರೊಳಗೂ ಬೆರಳಿಟ್ಟು ನೋಡುತ್ತದೆ.
ಗಂಡ ನೋಡಿಯೂ ನೋಡದವನಂತೆ ಚಹಾ ಸೋಸುತ್ತಾನೆ.
ಅವನದು ರಾತ್ರಿ ಪಾಳಿ, ನನ್ನದು ಬೆಳಗಿನದು;
ಇಷ್ಟು ವರ್ಷ ಬಾಗಿಲಲ್ಲಿ ಎದುರಾಗಿ ಕೀಲಿ ಬದಲಿಸಿಕೊಂಡವರು.
ಈಗ ಎದುರೆದುರು ಕೂತರೆ ಮಾತು ಯಾವುದೆಂದು ತಿಳಿಯದು.
"ಸಕ್ಕರಿ ಸಾಕಾ?" ಅನ್ನುತ್ತಾನೆ,
ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ.
ಸಾಕು ಅನ್ನುತ್ತೇನೆ.
ಸಾಕಾಗಿರುವುದಿಲ್ಲ.

ಡಬ್ಬಿಯ ಚೀಲ ತೊಳೆಯಲೆಂದು ಕೊಡವಿದೆ,
ಹಳದಿ ಅರಿವೆಯಲ್ಲಿ ಸುತ್ತಿದ್ದ ಗೇಜು ಠಣ್ಣೆಂದು ಬಿತ್ತು.
ಮೈಮೇಲೆ ಕಂಪನಿಯ ನಂಬರು.
ಕಳವಿನ ಮಾತು ಬರಬಾರದು ನೋಡಿ;
ಕೊಟ್ಟು ಬರಲು ಹೊರಟೆ,
ಗುರುವಾರವೆಂದು ಗೊತ್ತಿದ್ದೂ.

ಗುರುವಾರ ಎಂಐಡಿಸಿಗೆ ಸೂಟಿ.
ನಡುರಸ್ತೆಯಲ್ಲಿ ನಾಯಿಗಳು ಕಾಲು ಚಾಚಿದ್ದವು,
ವಡಾಪಾವಿನ ಗಾಡಿಗೆ ತಾಡಪತ್ರಿ.
ಗೇಟಿನ ಪಕ್ಕದ ಬೇವಿನಲ್ಲಿ ಹಕ್ಕಿಗಳಿವೆ ಎಂದು
ಅವತ್ತು ಗೊತ್ತಾಯಿತು.
ವಾಚ್‌ಮನ್ ಕುರ್ಚಿಯಲ್ಲಿ ಗೊರಕೆ.
ಗೇಟಿನ ಚಿಲಕಕ್ಕೊಂದು ತೂತು.
ಯಾಕೋ ಗೇಜು ತೆಗೆದೆ.
ಹಸಿರು ತುದಿ ಇಟ್ಟೆ, ಹೋಯಿತು.
ತಿರುಗಿಸಿ ಕೆಂಪು ಇಟ್ಟೆ,
ಅದೂ ಹೋಯಿತು, ಒಳಗೆ ಅಡ್ಡಾಡುವಷ್ಟು ಸಲೀಸು.

"ರಿಜೆಕ್ಟ್" ಅಂದೆ ಗೇಟಿಗೆ.
ಜೋರಾಗಿಯೇ ಅಂದಿರಬೇಕು,
ವಾಚ್‌ಮನ್ ದಡಬಡಿಸಿ ಎದ್ದ: "ಕಾಯ್ ಝಾಲಂ ಮಾವಶಿ?"
ನಗು ತಡೆಯಲಾಗಲಿಲ್ಲ. ಅವನಿಗೆ ಏನೆಂದು ಹೇಳಲಿ?
ಗೇಜು ಕೈಗಿಟ್ಟು ರಿಜಿಸ್ಟರಿನಲ್ಲಿ ಬರೆಸಿದೆ:
ನಂಬರು, ತಾರೀಖು, ಕೊಟ್ಟವರ ಹೆಸರು.
"ಖಾತೆ ಯಾವುದು?"
ಅದೊಂದು ಖಾಲಿ ಬಿಡಪ್ಪ ಅಂದೆ.

ಬಸ್ಸಿನಲ್ಲಿ ಹೆಬ್ಬೆರಳು
ಟಿಕೀಟನ್ನು ಸುತ್ತಿತು, ಬಿಚ್ಚಿತು, ಸುತ್ತಿತು.
ಇಳಿದು ಅರ್ಧ ಕಿಲೋ ಸಕ್ಕರೆ ಕಟ್ಟಿಸಿಕೊಂಡೆ.
ನಾಳೆ ಹೇಳಬೇಕು,
ಇನ್ನೊಂದು ಚಮಚೆ ಹಾಕು ಎಂದು.