ಮರಗಸಿ

ಕತ್ತಿಯನ್ನು ಗೇಟಿನವನು ಇಸಕೊಂಡ,
ಗೋಣಿತಾಟು ಸುತ್ತಿ ಬೆಂಚಿನಡಿ ತಳ್ಳಿದ.

ಚಿಕ್ಕಮಗಳೂರು ದೊಡ್ಡಾಸ್ಪತ್ರೆ, ಹದಿನಾಲ್ಕನೇ ರೂಮು.
ಡಾಕ್ಟರಮ್ಮ ಮಾತ್ರೆಚೀಟಿಯ ಬೆನ್ನಿಗೆ ಚಿತ್ರ ಬರೆದರು:
ತಲೆಯೊಳಗೆ ನರದ ಕೊಂಬೆ,
ಕೊಂಬೆಗೆ ಕೊಂಬೆ ತಾಗಿದರೆ ಮಾತು.
ಸುತ್ತ ಗ್ಲಿಯಾ ಅಂತ ಸಣ್ಣ ಜೀವಗಳು,
ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಆಳುಗಳು.
ಉಣಿಸುತ್ತವೆ, ಗುಡಿಸುತ್ತವೆ,
ಹರೆಯದಲ್ಲಿ ಹೆಚ್ಚಾದ ಚಿಗುರು ಸವರುತ್ತವೆ.
'ನಿಮ್ಮ ತಂಗಿಗೆ ಸವರಿದ್ದು ಜಾಸ್ತಿ ಆಗಿರಬಹುದು.
ಬಹುದು, ಅಷ್ಟೆ. ನಮಗೂ ಪೂರ್ತಿ ಗೊತ್ತಿಲ್ಲ.'

ಗೊತ್ತಿಲ್ಲ ಅಂದದ್ದು ಹಿಡಿಸಿತು ನನಗೆ.
ಇಪ್ಪತ್ತೆರಡು ವರ್ಷ ಹಾಲುವಾಣ ಹತ್ತಿದವನು ನಾನು.
ಒಂದು ಕೊಂಬೆ ಹೆಚ್ಚು ಕಡಿದರೆ ಸಾಕು,
ಕೆಳಗೆ ಕಾಫಿಗಿಡ ಬಿಸಿಲಿಗೆ ಕರಕಲು.
ಗಿಡದ ತಪ್ಪೇನಿದೆ?
ಕತ್ತಿಯದಾದರೂ ಏನಿದೆ?

ದೇವೀರಿ ಫ್ಯಾನಿನ ಜೊತೆ ಜಗಳ ಆಡುತ್ತಿದ್ದಳು.
ಗಾಳಿ ಸೋಕಿದೆ ಅಂದಿದ್ದರು ಕೆಲವರು,
ಮದುವೆ ಮಾಡಿ ಅಂದಿದ್ದರು.
ಸೋಮಾರಿ ಅಂದವನು ನಾನು.

ಆಲ್ದೂರಿನ ಬಸ್ಸಿನಲ್ಲಿ
ಮಾತ್ರೆ ಪೊಟ್ಟಣ ಮಡಿಲಲ್ಲಿಟ್ಟು
ನನ್ನ ಕಾಲರಿನಿಂದ ಒಂದು ಒಣ ಎಲೆ ತೆಗೆದಳು.
ತಿರುಗಿಸಿ ತಿರುಗಿಸಿ ನೋಡಿ,
'ಇದು ಹಾಲುವಾಣದ್ದಲ್ಲ' ಅಂದಳು.

ವಸ್ತಾರೆ ದಾಟಿದ ಮೇಲೆ ನೆನಪಾಯಿತು,
ಕತ್ತಿ ಅಲ್ಲೇ ಬೆಂಚಿನಡಿ.