ಆರಿಂಚಿನ ಕಾಲರು

ಮೊದಲು ತಗಡು ನೋಡ್ರಿ ಯಮುನಾಬಾಯಿ,
ಬೆರಳಲ್ಲಿ ಮೀಟಿದರೆ
ಕಾಯಿಸಿದ ಹಲಗೆಯ ಹಾಗೆ ನುಡೀಬೇಕು.
ಇಪ್ಪತ್ನಾಲ್ಕು ಗೇಜು. ಇದಕ್ಕಿಂತ ತೆಳುವಾದದ್ದು
ಮಿಷನ್ನು ಶುರುವಾದೊಡನೆ ಹೊಟ್ಟೆ ಉಬ್ಬಿಸಿ ಡಬ್ ಅನ್ನುತ್ತೆ,
ನಡುರಾತ್ರಿ ನೀವು ಕಳ್ಳನೆಂದು ಎದ್ದು ಕೂರ್ತೀರಿ.
ಅಂಗಡಿಯವನು ತೋರಿಸುವ ಬೆಳ್ಳಿ ಸುರುಳಿ ಅಗ್ಗ, ಖರೆ.
ಆದರೆ ಅದು ಎಮ್ಮೆಯ ಕರುಳು,
ಎಳೆದು ಕಟ್ಟದಿದ್ದರೆ ಜೋತುಬಿದ್ದು
ಗಾಳಿಗೆ ಮಂಪರು ಬರಿಸುತ್ತೆ.
ಕೊನೆಯ ಮೂರಡಿಗೆ ಇರಲಿ, ಸಾಕು.
ತಿರುವು ಗುಂಡಗಿರಲಿ.
ಮೂಲೆ ಮೊನಚಾದರೆ ಗಾಳಿಯೂ
ಕೌಲ್ ಬಜಾರಿನ ಆಟೋದವನಂತೆ
ಬೈದುಕೊಂಡೇ ದಾಟುತ್ತೆ.

ಎರಡು ವರ್ಷದ ಹಿಂದಿನ ಮಾತು.

ಅಪ್ಪ ಇದೇ ಕೊಡತಿಯಲ್ಲಿ ಟ್ರಂಕು ಬಡಿದವರು,
ಮುಚ್ಚಳದ ಮೇಲೆ ಎರಡು ನವಿಲು, ಮದುಮಗಳ ಹೆಸರು.
ಟ್ರಂಕಿಗೆ ತಳವಿತ್ತು, ಚಿಲಕವಿತ್ತು.
ನಾನು ಬಡಿಯುವುದು ಎರಡೂ ಕಡೆ ಬಾಯಿಯ ಪೆಟ್ಟಿಗೆ,
ಏನನ್ನೂ ಇಟ್ಟುಕೊಳ್ಳದ್ದು.
ತಂಪು ಎಲ್ಲಿಂದ ಬರುತ್ತೆ ಅಂತ
ಎಲ್ಲರೂ ಕೇಳುತ್ತಾರೆ.
ಬಿಸಿಯಾದ ಗಾಳಿ ವಾಪಸು ಹೋಗುವ ದಾರಿ
ಕೇಳಿದವರನ್ನು ನಾ ಕಂಡಿಲ್ಲ.

ಈ ಏಪ್ರಿಲ್ಲಿಗೆ ಫೋನು:
"ಖಾಸೀಂ, ಕರೆಂಟು ಬಿಲ್ಲು ನೋಡಿದ್ರ ಎದಿ ಒಡಿತೈತಿ,
ಮಲಗೋ ಖೋಲಿ ಕಾದ ಹಂಚು."

ಫಿಲ್ಟರು ಬಿಚ್ಚಿದೆ.
ಸಂಡೂರಿನ ಕಡೆಯಿಂದ ಬಂದ ಕೆಂಪು,
ಕೆಳಗೆ ಅವರದೇ ಜೀನ್ಸ್ ಹೊಲಿಯುವ ಹಾಲಿನಿಂದ ಎದ್ದ ನೀಲಿ,
ಎರಡೂ ಸೇರಿ ಬದನೆಕಾಯಿ ಬಣ್ಣದ ಕಂಬಳಿ.
ಹದಿನೈದು ದಿನಕ್ಕೊಮ್ಮೆ ತೊಳೀರಿ ಅಂದಿದ್ದೆ,
ಹದಿನೈದು ತಿಂಗಳಾಗಿತ್ತು.

ಆಮೇಲೆ ಊದಿನಕಡ್ಡಿ ಹಚ್ಚಿ
ಕೀಲು ಕೀಲಿಗೂ ಹಿಡಿದು ಹೋದೆ.
ಹೊಗೆ ನೆಟ್ಟಗೇ ಏರುತ್ತಿತ್ತು,
ಹಾಲಿನ ಮೇಲಿನ ಕೀಲಿಗೆ ಬಂದಾಗ
ಸಟ್ಟನೆ ಬಗ್ಗಿತು.

ಸಂದಿಯಲ್ಲಿ ಇಣುಕಿದೆ.
ಹನ್ನೆರಡು ಮಿಷನ್ನಿನ ಹಾಲು.
ಅತ್ತ ಗೋಡೆಯುದ್ದಕ್ಕೂ ನೆಲ ಖಾಲಿ,
ಕಾಲುಗಳು ಕೊರೆದ ಗುರುತು ಮಾತ್ರ.
ಹನ್ನೆರಡೂ ಇತ್ತ, ಒಂದಕ್ಕೊಂದು ಮೊಣಕೈ ತಾಗಿಸಿ
ನನ್ನ ಸಂದಿಯ ಕೆಳಗೆ.
ತಗಡಿನ ಅಂಚಿಗೆ ಯಾರೋ
ಜೀನ್ಸಿನ ಹಳದಿ ದಾರದ ತುಂಡು ಕಟ್ಟಿದ್ದರು,
ಗಾಳಿ ಬಂತೋ ಇಲ್ಲವೋ ನೋಡಲಿಕ್ಕೆ.
ಕೀಲಿನ ಒಂದು ತಿರುಪು ಇರಲಿಲ್ಲ.
ತಾನಾಗಿ ಬಿದ್ದಿತೋ, ಕತ್ತರಿಯ ತುದಿ ತಿರುವಿತೋ,
ಕೇಳಲಿಲ್ಲ.
ಹುಲಿಗೆಮ್ಮ ತಲೆಯೆತ್ತಿ ನೋಡಿದಳು
ಪೆಡಲಿನ ಮೇಲಿನ ಕಾಲು ನಿಲ್ಲಿಸದೆ.

ಕೈಯಲ್ಲಿ ಸೀಲಿನ ಡಬ್ಬಿ, ಬಾಯಿ ತೆರೆದದ್ದು.
ಅರ್ಧ ತಾಸು ಹಾಗೇ ಇದ್ದೆ ಅಂದರೆ ಸುಳ್ಳು,
ಒಂದು ಬೀಡಿಯ ಹೊತ್ತು.
ಆಮೇಲೆ ಇಳಿದು ಹೇಳಿದೆ. ಹೇಳದಿದ್ದರೆ
ಬಿಲ್ಲು ನನ್ನ ಕೆಲಸದ ತಲೆಗೆ.

ಯಮುನಾಬಾಯಿ ಬಂದು ಸಂದಿಯ ಕೆಳಗೆ ನಿಂತರು.
ಹಣೆಯ ಮೇಲಿನ ಬಿಳಿ ಕೂದಲು ಅಲ್ಲಾಡಿತು.
ಮಿಷನ್ನುಗಳೆಲ್ಲ ಒಂದೇ ಸಲಕ್ಕೆ ನಿಂತವು.
"ಮುಚ್ಚು," ಅಂದರು. "ಸೋರೋದು ಬ್ಯಾಡ."
ನಾನು ಏಣಿಗೆ ಕಾಲಿಟ್ಟೆ.
"ತಡಿ. ಇಲ್ಲಿ ಲೆಕ್ಕದಾಗ ಒಂದು ಬಾಯಿ ತೆಗೀಲಿಕ್ಕೆ
ಏನೇನು ಬೇಕು?"
"ಆರಿಂಚಿನ ಕಾಲರು, ಒಂದು ಡ್ಯಾಂಪರು."
"ಕಾಲರು?" ನಕ್ಕರು.
"ಲಂಗ ಹಾಕೋ ವಯಸ್ಸಿನಾಗ ದಿನಾ ಎಂಬತ್ತು ತಿರುವೀನಿ,
ಒಂದಕ್ಕ ನಾಕಾಣೆ. ನಿಂದು ಎಷ್ಟು?"
"ಎಂಟುನೂರು."
"ಐನೂರು."
ಆರುನೂರಕ್ಕೆ ನಿಂತಿತು.

ತಗಡಿಗೆ ಗೀಟು ಹಾಕುತ್ತ ಕೇಳಿದೆ:
ಡ್ಯಾಂಪರಿನ ಹಿಡಿ ಎಲ್ಲಿಡಲಿ?
ಮೇಲೆ ನಿಮ್ಮ ಖೋಲಿಯ ಕಡೆಗೋ,
ಇಲ್ಲಿ ಇವರ ಕೈಗೆ ಎಟುಕುವಷ್ಟಕ್ಕೋ?

ಮೆಟ್ಟಿಲು ಹತ್ತುತ್ತಿದ್ದವರು ತಿರುಗದೆ ಅಂದರು,
"ಫಿಲ್ಟರು ಯಾರು ತೊಳೀತಾರೋ ಅವರ ಕೈಗೆ."

ಹುಲಿಗೆಮ್ಮ ಹಲ್ಲಲ್ಲಿ ದಾರ ಕಡಿದಳು.
"ಹದಿನೈದು ದಿನಕ್ಕೊಮ್ಮಿ,
ಅಷ್ಟ ಹೌದಿಲ್ಲೋ?"